ಬಣ್ಣ ಬಿಡುವ ಮೊದಲು

ನವಲಗುಂದದ ಜಮಖಾನೆ ನೇಯುವ ಓಣಿಯಲ್ಲಿ ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ಗಟಾರದ ಅಂಚಿನಲ್ಲಿ ಕೈಗವಸು ತೊಟ್ಟು ಕುಳಿತ ನಾಗರತ್ನಾ ನೀರಿಗಿಳಿಸಿದ ಬಾಟಲಿಯನ್ನು ತಟ್ಟನೆ ಮೇಲೆತ್ತುತ್ತಾರೆ. ಮೇಲುಗಡೆಯಿಂದ ಕೆಂಪು ಗೆರೆಯೊಂದು ಹರಿದು ಬರುತ್ತಿದೆ.

“ಯಾರ್ರೀ ಬಣ್ಣಾ ಚೆಲ್ಲಿದವ್ರು? ಈ ವಾರಾನೂ ನೀರು ಕೆಟ್ರ ಮುಗೀತು!”

ಈ ಗಲೀಜಿನಲ್ಲಿ ಅವರು ಹುಡುಕುತ್ತಿರುವುದು ಕೊರೊನಾ ವೈರಸ್ಸನ್ನು. ಸೋಂಕಿತರ ಮಲದ ಜೊತೆ ಅದೂ ಗಟಾರ ಸೇರುತ್ತದೆ. ಪರೀಕ್ಷೆಗೆ ಬಾರದವರ ಸುದ್ದಿಯನ್ನೂ ಗಟಾರ ಹೇಳುತ್ತದೆ. ಪ್ರಯೋಗಾಲಯದವರು ವೈರಸ್ಸಿನ ವಂಶವಾಹಿ ಓದಿ, ಹೊಸ ತಳಿ ಹುಟ್ಟಿದೆಯೇ ಎಂದು ನೋಡುತ್ತಾರೆ. ಎರಡು ವಾರದ ಹಿಂದಿನ ಬಾಟಲಿಯಲ್ಲಿ, ಹಿಂದೆಂದೂ ಕಾಣದ ಬದಲಾವಣೆಯೊಂದರ ಸುಳಿವು ಸಿಕ್ಕಿತ್ತು. ಖಾತ್ರಿ ಮಾಡಿಕೊಳ್ಳಲು ಮತ್ತೊಂದು ಬಾಟಲಿ ಕಳಿಸಿದರೆ, ನೂಲಿನ ಬಣ್ಣ ಬೆರೆತಿದೆಯೆಂದು ಅದು ತಿರಸ್ಕೃತವಾಯಿತು. ಬಣ್ಣ ಬದಲಿಸುವ ವೈರಸ್ಸನ್ನು ಬಣ್ಣವೇ ಬಚ್ಚಿಟ್ಟಿತು! ಇವತ್ತೂ ಕೆಟ್ಟರೆ, ಅದು ಎಷ್ಟು ಮನೆ ಹೊಕ್ಕಿದೆಯೆಂದು ಇನ್ನೊಂದು ವಾರ ಯಾರಿಗೂ ತಿಳಿಯದು.

ನಾಗರತ್ನಾರದು ಗುತ್ತಿಗೆ ಕೆಲಸ. “ಗಟಾರದಾಕಿ” ಎಂದು ಓಣಿಯವರು ನಕ್ಕದ್ದುಂಟು. ನಗುವವರಿಗೇನು ಗೊತ್ತು? ಎರಡನೇ ಅಲೆಯಲ್ಲಿ ತಂಗಿ ನಂದಾಳನ್ನು ಕಳೆದುಕೊಂಡವರು ಇವರು. “ಬಂದದ್ದು ಬ್ಯಾರೆ ತಳಿ ಅಂತ ಗೊತ್ತಾಗೂದ್ರಾಗ ನಮ್ಮ ಮನ್ಯಾಗ ಹೆಣಾ ಬಿದ್ದಿತ್ರಿ” ಎಂದು, ವರದಿಗೆಂದು ಜೊತೆ ಬಂದ ನನಗೆ ಹೇಳುತ್ತಾರೆ.

ಕೂಗು ಕೇಳಿ ನೇಕಾರ್ತಿ ಮುಬಶಿರಾ ಹೊರಬರುತ್ತಾರೆ. ಮದುವೆ ಮನೆಯ ಆರ್ಡರಿನ ಅವಸರ. ಒಲೆಯ ಮೇಲೆ ಬಣ್ಣದ ಹಂಡೆ ಕುದಿಯುತ್ತಿದೆ. ತುಳುಕಿದ್ದು ಅಲ್ಲಿಂದಲೇ.

“ಎಷ್ಟೊತ್ತು ಕಾಯೂದ್ರಿ ಅಕ್ಕಾರ? ನೂಲು ಬಿಸಲಿಗೆ ಹಾಕಬೇಕು.”

“ಕೆಂಪು ಹೋಗೂತನಕ. ಒಂದು ಎಳಿ ತಪ್ಪಿದ್ರ ನಿಮ್ಮ ಜಮಖಾನದಾಗಿನ ನವಲು ಬ್ಯಾರೆ ಹಕ್ಕಿ ಆಗ್ತೈತಿಲ್ಲೋ? ಈ ರೋಗಾನೂ ಹಂಗ ರೀ. ಅದು ಯಾವ ಹಕ್ಕಿ ಆಗೇತಿ ನೋಡಬೇಕು.”

ಮುಬಶಿರಾ ಹಂಡೆ ನೋಡುತ್ತಾರೆ, ಗಟಾರ ನೋಡುತ್ತಾರೆ. ಆಮೇಲೆ ಒಲೆಯ ಕಟ್ಟಿಗೆ ಹೊರಗೆಳೆದು, ಮೇಲಿನ ಮನೆಗಳಿಗೂ ಕೇಳುವಂತೆ ಕೂಗುತ್ತಾರೆ: “ಯಾರೂ ಬಣ್ಣಾ ಬಿಡಬ್ಯಾಡ್ರಿ!”

ಬಾಟಲಿಯನ್ನು ಪ್ರಯೋಗಾಲಯಕ್ಕೆ ಒಯ್ಯಬೇಕಾದ ಹುಬ್ಬಳ್ಳಿ ಬಸ್ಸಿನ ಹಾರ್ನು ಕೇಳುತ್ತಿದೆ. ನಾಗರತ್ನಾ ಕದಲುವುದಿಲ್ಲ. ಕೆಂಪು ತೆಳುವಾಗಿ, ಕೊನೆಗೆ ಮಾಮೂಲಿ ಕಪ್ಪು ನೀರು ಬರುತ್ತದೆ. ಗಟಾರ ನೋಡಿ ನಾನು ಇಷ್ಟು ಖುಷಿಪಟ್ಟದ್ದು ಇದೇ ಮೊದಲು.

ಬಾಟಲಿ ಐಸಿನ ಡಬ್ಬಿ ಸೇರುತ್ತದೆ, ಡಬ್ಬಿ ಬಸ್ಸಿನಲ್ಲಿ ಅವರ ತೊಡೆಯೇರುತ್ತದೆ. ಮಧ್ಯಾಹ್ನ ಪ್ರಯೋಗಾಲಯದಿಂದ ಫೋನು: ನೀರು ಸರಿಯಿದೆ, ಓದಬಹುದು. ಅವರು ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾರೆ. ಏನು ಸಿಗಲಿ ಅಂತ ಆಸೆ, ಎಂದು ಕೇಳುತ್ತೇನೆ.

“ಏನೂ ಸಿಗದಿರ್ಲಿ ರೀ. ಬಂದಿದ್ರ ಮಾತ್ರ, ಯಾರದರ ತಂಗಿ ಹಾಸಿಗಿ ಹಿಡಿಯೂದ್ರೊಳಗ ಗೊತ್ತಾಗ್ಲಿ.”