ಸೋಪಿನ ಕಾರ್ಖಾನೆಯ ಮೇಲೊಂದು ಯುದ್ಧ

ತಾಯ್ನಾಡು ಬಿಟ್ಟು ಬಂದು ಬಲಾಢ್ಯ ದೇಶವೊಂದರಲ್ಲಿ ಅಂಗಡಿ ಹಾಕಿಕೊಂಡಿದ್ದ ದರ್ಜಿ ಬಾಯಿ ಬಿಟ್ಟರೆ ಬರೀ ಬುರುಡೆ. ಹೆಂಡತಿಯಿರಲಿ, ಹೊಲಿಯಲು ಕೊಟ್ಟ ಗಿರಾಕಿಗಳೂ ಅವನ ಮಾತು ನಂಬುತ್ತಿರಲಿಲ್ಲ.

ಹಿಂದೆ ಅವನು ತನ್ನೂರಿನ ಸೋಪಿನ ಕಾರ್ಖಾನೆಯಲ್ಲಿ ಲಾರಿ ಓಡಿಸುತ್ತಿದ್ದ. ಅವನ ಭಾವ ಈಗಲೂ ಅಲ್ಲೇ ಕೆಲಸಕ್ಕಿದ್ದ. ಒಂದು ದಿನ ಗುಪ್ತಚರ ಇಲಾಖೆಯ ಅಧಿಕಾರಿ ಅಂಗಡಿಗೆ ಬಂದು, "ಆ ಕಾರ್ಖಾನೆಯಲ್ಲಿ ಏನು ತಯಾರಾಗುತ್ತೆ?" ಎಂದು ಕೇಳಿದ.

"ಸೋಪು ಸಾರ್," ಎಂದು ದರ್ಜಿ ಅಪರೂಪಕ್ಕೆ ನಿಜ ಹೇಳಿದ.

ಅಧಿಕಾರಿಯ ಮುಖ ಸಪ್ಪಗಾಯಿತು. "ಸರಿಯಾಗಿ ನೆನಪು ಮಾಡ್ಕೊಳ್ಳಿ. ನಿಮಗೆ ಈ ದೇಶದಲ್ಲೇ ಉಳೀಬೇಕು ಅಂತ ಆಸೆ ಇದೆಯಲ್ಲ?"

ದರ್ಜಿಗೆ ಥಟ್ಟನೆ ನೆನಪಾಯಿತು. ಕಾರ್ಖಾನೆಯ ಹಿತ್ತಲಿನ ಶೆಡ್ಡಿಗೆ ಸದಾ ಬೀಗ, ಹತ್ತಿರ ಹೋದರೆ ಎಂಥದೋ ವಿಷದ ವಾಸನೆ ಎಂದ. ಹೆಂಡತಿಯೇ ನಂಬದ ಬುರುಡೆಯನ್ನು ಇಷ್ಟು ದೊಡ್ಡ ಸರ್ಕಾರ ನಂಬೀತೆಂದು ಅವನು ಕನಸಲ್ಲೂ ಎಣಿಸಿರಲಿಲ್ಲ.

ಯುದ್ಧ ಶುರುವಾಯಿತು. ಮೊದಲ ಬಾಂಬು ಕಾರ್ಖಾನೆಯ ಮೇಲೇ ಬಿತ್ತು. "ನಿನ್ನ ಭಾವ ಒಳಗೇ ಇದ್ರು ಕಣೋ," ಎಂದು ಅಕ್ಕ ಫೋನಿನಲ್ಲಿ ಅತ್ತಳು.

ದರ್ಜಿ ಅಧಿಕಾರಿಯ ಕಚೇರಿಗೆ ಓಡಿದ. "ಸಾರ್, ನಾನು ಹೇಳಿದ್ದೆಲ್ಲ ಸುಳ್ಳು."

"ಗೊತ್ತು," ಎಂದ ಅಧಿಕಾರಿ, ತಲೆಯೆತ್ತದೆ. "ನಮಗೆ ಬೇಕಿದ್ದದ್ದು ಅಲ್ಲಿನ ಎಣ್ಣೆ ಬಾವಿ. ನೀವು ಹೇಳದಿದ್ರೆ ಇನ್ಯಾರೋ ಹೇಳ್ತಿದ್ರು."

ಆಮೇಲೆ ಭಾರಿ ತನಿಖೆ ನಡೆದು, ಮಹಾ ಸರ್ಕಾರವನ್ನು ಒಬ್ಬ ದರ್ಜಿ ಯಾಮಾರಿಸಿದನೆಂದು ತೀರ್ಮಾನವಾಯಿತು. ಅಧಿಕಾರಿಗೆ ಬಡ್ತಿ ಸಿಕ್ಕಿತು. ಪತ್ರಿಕೆಯಲ್ಲಿ ತಮ್ಮನ ಫೋಟೋ ನೋಡಿದ ಮೇಲೆ ಅಕ್ಕ ಫೋನು ಮಾಡಲಿಲ್ಲ.