ಮಡಚಿ ಒಯ್ದ ಕುರ್ಚಿ

ತಾಳಿಕೋಟೆಯಲ್ಲಿ ನನ್ನ ಸುಳ್ಳಿಗೆ ಮರುಳಾಗದವರಿಲ್ಲ. ಪಕ್ಕದ ಮನೆಯ ದರ್ಜಿಯಂತೂ ದಿನಾ ಮರುಳಾಗುತ್ತಿದ್ದ. ಬ್ಯಾಟರಿ ಗಾಲಿಕುರ್ಚಿಯಲ್ಲಿ ಕೂತು, ಕೊರಳಿನ ಟೇಪು ಎಳೆದು, "ಇನ್ನೊಂದ್ ಸುಳ್ಳ ಹೇಳಿದ್ರ ನಿನ್ನ ಅಂಗಿಗೆ ಗುಂಡಿ ಕಾಜಾನ ಇಡಂಗಿಲ್ಲ ನೋಡಲೇ!" ಎನ್ನುತ್ತಿದ್ದ.

ದೂರದ ತನ್ನ ತಂಗಿಯ ಊರಲ್ಲೇ ಇದ್ದುಬಿಡಲು ಆತ ವಿಮಾನ ಹತ್ತುವ ದಿನ ಬಂತು. "ವಿಮಾನದಾಗ ಬ್ಯಾಟರಿ ಬಿಡಂಗಿಲ್ಲೋ, ಇಲ್ಲೇ ಇರು," ಎಂದೆ.

"ಕೇಳೇನಿ ಬಿಡಲೇ. ಬಿಚ್ಚಿ ಕೈಯಾಗ ಹಿಡಕೊಂಡು ಹೋಗ್ಬೇಕಂತ." ಅದಕ್ಕೆಂದೇ ಗುಂಡಿ ಹಚ್ಚಿದ ಚೀಲ ಹೊಲಿದಿದ್ದ.

ಕಳಿಸಿಬರಲು ನಾನೂ ಹೋದೆ. ವಿಮಾನ ನಿಲ್ದಾಣದ ಬಾಗಿಲಲ್ಲಿ ಆತನನ್ನು ಅಲ್ಲಿಯ ತಳ್ಳುಕುರ್ಚಿಗೆ ಕೂರಿಸಿದರು; ಆತನ ಕುರ್ಚಿಯನ್ನು ಮಡಚಿ ಮುಂದೆ ಒಯ್ದರು. ಬ್ಯಾಟರಿ ಚೀಲ ತೊಡೆಯ ಮೇಲಿತ್ತು. ಅಲ್ಲಿಯವನೊಬ್ಬ ಆತನನ್ನು ಒಳಗೆ ತಳ್ಳಿಕೊಂಡು ಹೊರಟ. ಇನ್ನೊಮ್ಮೆ ಮುಖ ನೋಡುವ ಆಸೆಗೆ ನಾನು ಕೂಗಿದೆ: "ಏ, ನಿನ್ನ ಕುರ್ಚಿ ಇಲ್ಲೇ ಬಿಟ್ಟಾರೋ!"

ಆತ ಗಾಬರಿಯಾಗಿ ತಿರುಗಲು ಒದ್ದಾಡಿದ. ತಳ್ಳುವವನು ನಿಲ್ಲಲಿಲ್ಲ.