ಸಣ್ಣಮ್ಮಕ್ಕ ನನ್ನನ್ನು ಬಸ್ಸಿನ ಗ್ರೂಪಿನಿಂದ ತೆಗೆದದ್ದು

ವಾಟ್ಸಾಪ್ ಗ್ರೂಪಿನಲ್ಲಿ ಮೆಸೇಜ್ ಬರದಿದ್ದರೆ ಬಸ್ಸು ಸರಿಯಾಗಿ ಓಡುತ್ತಿದೆ ಎಂದರ್ಥ ಎಂದು ಒಂದು ವಾರ ನಂಬಿಕೊಂಡಿದ್ದೆ. ಆ ವಾರದಲ್ಲೇ ಎರಡು ಸಲ ಬಸ್ಸು ನಮ್ಮೂರ ಗೇಟಿನಲ್ಲಿ ನಿಲ್ಲದೆ ನನ್ನ ಮುಖಕ್ಕೆ ಧೂಳು ಹೊಡೆದು ಹೋಯಿತು. ಡ್ರೈವರು ಹೊಸಬನಿರಬೇಕು ಎಂದುಕೊಂಡೆ. ಗ್ರೂಪಿನ ತಳದಲ್ಲಿ ಬೂದು ಬಣ್ಣದ ಒಂದು ಸಾಲು ಬಂದು ಕೂತಿತ್ತು. ಜಾಹೀರಾತಿರಬೇಕೆಂದು ಓದಲೇ ಇಲ್ಲ.

ಅದನ್ನು ಓದಿ ಹೇಳಿದವರು ಮಾರಯ್ಯಣ್ಣ. ವಾರಕ್ಕೊಮ್ಮೆ ಮಗಳ ಮನೆಗೆಂದು ಚಾಮರಾಜನಗರಕ್ಕೆ ಹೋಗುವ ಹಿರಿಯರು. ಗೇಟಿನ ಕಲ್ಲಿನ ಮೇಲೆ ಕೂತಿದ್ದವರನ್ನು ಕೇಳಿದೆ.

“ಸುದ್ದಿ ಇಲ್ವಲ್ಲ ಮಾರಯ್ಯಣ್ಣ. ಬಸ್ಸು ಬರ್ತದೆ ಅಂತ ತಾನೆ?”

“ಸುದ್ದಿ ಇಲ್ದೆ ಏನ್ಲಾ? ಬಸ್ಸು ತುಂಬೋಗಿದೆ, ನಿಲ್ಸಲ್ಲ, ಟೆಂಪೋ ಇಡೀರಿ ಅಂತ ಸಣ್ಣಮ್ಮ ಆಗ್ಲೇ ಹೇಳವಳೆ. ತತ್ತಾ ನಿನ್ ಫೋನ.” ಕನ್ನಡಕ ಏರಿಸಿ ನೋಡಿದರು. “ನಿನ್ನ ಆಚೆಗಾಕವ್ರೆ ಕಣ್ಲಾ.”

ಚಾಮರಾಜನಗರದ ಒಂದು ಸಿಮೆಂಟ್ ಅಂಗಡಿಯಲ್ಲಿ ನಾನು ಬಿಲ್ ಹಾಕುವವನು. ಎರಡು ಸಲ ತಡವಾದದ್ದಕ್ಕೆ ಮಾಲೀಕರು, “ಇನ್ನೊಂದ್ಸಲ ಆದ್ರೆ ಮನೇಲೇ ಇದ್ಬುಡು” ಎಂದಿದ್ದರು. ಗ್ರೂಪು ಇಲ್ಲದಿದ್ದರೆ ಬಸ್ಸಿಲ್ಲ, ಬಸ್ಸಿಲ್ಲದಿದ್ದರೆ ಕೆಲಸವಿಲ್ಲ.

ಆ ಗ್ರೂಪು ಕಟ್ಟಿದವರು ಸಣ್ಣಮ್ಮಕ್ಕ. ಹುಟ್ಟಿದ್ದು ತಮಿಳುನಾಡಿನ ಗಡಿಯ ಪುಣಜನೂರು, ಸೇರಿದ್ದು ಗುಂಡ್ಲುಪೇಟೆ. ಹಾಗಾಗಿ ಪ್ರೀತಿ ಬಂದರೆ ಕನ್ನಡ, ಸಿಟ್ಟು ಬಂದರೆ ತಮಿಳು. ಚಾಮರಾಜನಗರದ ಒಂದು ಕಚೇರಿಯಲ್ಲಿ ಅಟೆಂಡರು. ಸಾಹೇಬರು ಬರುವ ಮೊದಲು ಬಾಗಿಲು ತೆಗೆಯಬೇಕು. ಅದಕ್ಕೆ ಎಲ್ಲರಿಗಿಂತ ಮುಂಚೆ ಸ್ಟ್ಯಾಂಡಿಗೆ ಬಂದು, ಕಿಟಕಿಯಿಂದ ಸೀಟಿಗೆ ಟವೆಲ್ ಎಸೆದು, ದಾರಿಯ ಊರುಗಳವರಿಗೆಲ್ಲ ಫೋನಿನಲ್ಲಿ ದನಿ ಕಳಿಸುತ್ತಾರೆ. “ಬುಟ್ತು.” “ಇವತ್ತು ಕಾಲಿಡಕ್ಕೂ ಜಾಗಿಲ್ಲ.” “ಟೈರ್ ಪಂಚರು, ಮಲಿಕ್ಕಳಿ.” ಹಿಂದೆ ಕಂಡಕ್ಟರನ ಸೀಟಿ ಕೇಳುತ್ತಿರುತ್ತದೆ. ಗ್ರೂಪಿನಲ್ಲಿ ಬಸ್ಸು ಬಿಟ್ಟು ಬೇರೆ ಮಾತು ಬಂದರೆ ಅಳಿಸುತ್ತಾರೆ. ಯಾಕೆ ಅಂತ ಯಾರೂ ಕೇಳಿದ್ದಿಲ್ಲ.

ನನ್ನನ್ನು ಯಾಕೆ ತೆಗೆದರು? ಅಂದು ಟೆಂಪೋದಲ್ಲಿ ಸಿಕ್ಕವರನ್ನೆಲ್ಲ ವಿಚಾರಿಸಿದೆ.

“ಗುಡ್ ಮಾರ್ನಿಂಗ್ ಹೂವು ಕಳಿಸಿದ್ರೇನೋ. ಹೂವು ಕಂಡ್ರೆ ಆಗಲ್ಲ ಅವ್ರಿಗೆ” ಎಂದರು ಅಂಗನವಾಡಿಯ ಚಂದ್ರಮತಿ ಟೀಚರು.

“ಕಪ್ಪು ಕನ್ನಡಕದ ಫೋಟೋ ಹಾಕ್ಕಂಡಿದ್ದೀಯಲ್ಲ, ಯಾವನೋ ಅಂತ ತೆಗ್ದಿರ್ತಾರೆ” ಎಂದ ಬಾಳೆಮಂಡಿಯ ಶಿವಶಂಕರ.

ನಾನು ಹೂವು ಕಳಿಸಿರಲಿಲ್ಲ. ಆದರೆ ಟೆಂಪೋ ಇಳಿಯುವಷ್ಟರಲ್ಲಿ ಕಳಿಸಿದ್ದೆನೇನೋ ಎಂಬ ಅನುಮಾನ ನನಗೇ ಹುಟ್ಟಿತ್ತು. ನಾನು ಕೊನೆಯದಾಗಿ ಹಾಕಿದ್ದು ಎಲ್ಲರ ಅಭಿಪ್ರಾಯ ಕೇಳುವ ಒಂದು ಪೋಲ್. ಸಿಮೆಂಟ್ ಕೊಂಡವರಿಂದೆಲ್ಲ ‘ಸೇವೆ ಹೇಗಿತ್ತು’ ಎಂದು ಸ್ಟಾರ್ ಒತ್ತಿಸುವುದು ನನ್ನ ಕೆಲಸದಲ್ಲೊಂದು. ಅದೇ ಚಟಕ್ಕೆ ಗ್ರೂಪಿನಲ್ಲೂ ಕೇಳಿದ್ದೆ: ಹೇಗೆ ನಡೆಯುತ್ತಿದೆ? ಚೆನ್ನಾಗಿದೆ, ಪರವಾಗಿಲ್ಲ, ಸುಧಾರಿಸಬೇಕು. ಯಾರೂ ಒತ್ತಲಿಲ್ಲವೆಂದು, ಬೋಣಿ ಮಾಡಲು ನಾನೇ ಮೂರನೆಯದನ್ನು ಒತ್ತಿದ್ದೆ. ಮುಂದೇನಾಯಿತೋ ನೋಡಲು ನಾನು ಒಳಗಿರಲಿಲ್ಲ.

“ನೀವೇ ದಿನಾ ಸುದ್ದಿ ಹೇಳ್ಬುಡಿ ಮಾರಯ್ಯಣ್ಣ” ಎಂದೆ.

“ಆಚೆಗಾಕಿದೋನು ಕದ್ದು ನೀರು ಕುಡ್ಯೋ ಅಂಗಾಯ್ತದೆ. ಎಲೆ ಅಡ್ಕೆ ಮಡಗಿ ನ್ಯಾಯ ಕೇಳು. ನಾನೂ ಬತ್ತೀನಿ, ನಾಳಿಕೆ ಓಗನ.”

ನ್ಯಾಯ ಕೇಳುವವನು ಯಜಮಾನರ ಮುಂದೆ ಎಲೆ ಅಡಿಕೆ ಇಡಬೇಕು ಎಂಬುದು ನಮ್ಮ ಕೇರಿಯ ಪದ್ಧತಿ. ಮೊಬೈಲಿಗೂ ಅದು ನಡೆಯುತ್ತದೆಯೋ ಇಲ್ಲವೋ ತಿಳಿಯಲಿಲ್ಲ. ಮರುದಿನ ಹಾಲಿನ ಗಾಡಿ ಹತ್ತಿ ಇಬ್ಬರೂ ಗುಂಡ್ಲುಪೇಟೆಗೇ ಹೋಗಿ ಬಸ್ಸು ಹಿಡಿದೆವು. ಸಣ್ಣಮ್ಮಕ್ಕನ ಮಡಿಲಿನ ಬ್ಯಾಗಿನ ಮೇಲೆ ಎಲೆ ಅಡಿಕೆ ಇಟ್ಟೆ.

“ಏನ್ಲಾ, ಮದ್ವೇನಾ?” ಎಂದರು.

“ನ್ಯಾಯ ಕಣವ್ವ” ಎಂದರು ಮಾರಯ್ಯಣ್ಣ. “ಕುಲದಿಂದ ಆಚೆಗಾಕೋವಾಗ್ಲೂ ಕರ್ದು ಕೂರ್ಸಿ, ನಿನ್ ಮಾತೇನು ಅಂತ ಕೇಳೋರು. ನೀನು ಬೆರಳಲ್ಲೇ ಮುಗಿಸ್ಬುಟ್ಟೆ.”

ಹಿಂದಿನ ಸೀಟಿನಲ್ಲಿದ್ದ ಚಂದ್ರಮತಿ ಟೀಚರು, ಶಿವಶಂಕರ ಮುಂದಕ್ಕೆ ಬಗ್ಗಿದರು. ನಾನು ಗಂಟಲು ಸರಿಮಾಡಿಕೊಂಡು, “ಸದಸ್ಯರನ್ನು ತೆಗೆಯುವಾಗ ಕಾರಣವನ್ನು ಎಲ್ಲರಿಗೂ ತಿಳಿಯುವಂತೆ...” ಎಂದು ಶುರು ಮಾಡಿದೆ.

“ಮೊದ್ಲು ಟಿಕೆಟ್ ತಗಳಪ್ಪ” ಎಂದ ಕಂಡಕ್ಟರು.

ಸಣ್ಣಮ್ಮಕ್ಕ ಕಾಯಲಿಲ್ಲ. “ಕಾರಣ ಬೇಕಾ? ನಾನು ಹೆಂಗೆ ನಡೆಸ್ತೀನಿ ಅಂತ ನೀನು ಊರ್ಗೆಲ್ಲ ಕೇಳ್ದೆ. ಸುಧಾರಿಸ್ಬೇಕು ಅಂತ ನೀನೇ ಒತ್ದೆ. ನಿನ್ ನೋಡ್ಕಂಡು ಈ ಚಂದ್ರಮತಿ, ಶಿವಶಂಕರ, ಇನ್ನೂ ಏಳೆಂಟು ಜನ ಒತ್ತವ್ರೆ. ಚಳೀಲಿ ಎದ್ದು ಬಂದು ನಿಮ್ಗೆ ಸುದ್ದಿ ಹೇಳೋಳು ನಾನು, ಸುಧಾರಿಸ್ಬೇಕಾದೋಳೂ ನಾನೇ.” ಕೊನೆಗೆ ತಮಿಳಿನಲ್ಲಿ ಏನೋ ಸೇರಿಸಿದರು.

“ಅಯ್ಯೋ ಅಕ್ಕ, ನಾನು ಬಸ್ಸಿನ ವಿಷ್ಯ ಅಂದ್ಕಂಡೆ” ಎಂದರು ಚಂದ್ರಮತಿ ಟೀಚರು. “ಬಸ್ಸು ಸುಧಾರಿಸ್ಬೇಕು ತಾನೆ?”

“ನಾನು ಯಾವ್ದು ಅಂತ ಓದ್ಲಿಲ್ಲ” ಎಂದ ಶಿವಶಂಕರ. “ಎಲ್ರೂ ಅಲ್ಲೇ ಒತ್ತವ್ರಲ್ಲ ಅಂತ ಒತ್ದೆ.”

ಸಣ್ಣಮ್ಮಕ್ಕ ನನ್ನತ್ತ ತಿರುಗಿದರು. “ನೀನೂ ಬಸ್ಸಿಗೇನಾ?”

ಹೌದು ಎಂದಿದ್ದರೆ ಮುಗಿಯುತ್ತಿತ್ತು. “ಗ್ರೂಪಿಗೆ” ಎಂದುಬಿಟ್ಟೆ.

“ಏನು ಸುಧಾರಿಸ್ಬೇಕು?”

“ತೆಗ್ಯೋ ಮುಂಚೆ ಒಂದ್ ಮಾತು ಹೇಳ್ಬೇಕು.” ಒತ್ತುವಾಗ ಈ ಯೋಚನೆ ನನಗಿರಲಿಲ್ಲ. ತೆಗೆದ ಮೇಲೆ ಬಂದದ್ದು. ಅದನ್ನು ಹೇಳಲಿಲ್ಲ.

ಅವರು ಎಲೆ ಮಡಚಿ ಬಾಯಿಗಿಟ್ಟುಕೊಂಡರು. ಬಸ್ಸು ತೆರಕಣಾಂಬಿ ದಾಟುವವರೆಗೂ ಅಗಿದರು. “ಆಯ್ತು. ಇನ್ಮೇಲೆ ಯಾರ್ನಾರ ತೆಗೀಬೇಕು ಅಂದ್ರೆ ಇಲ್ಲೇ, ಎಲ್ರ ಮುಂದೆ ಹೇಳಿ ತೆಗಿತೀನಿ. ನನ್ ಮೇಲೆ ಏನಾರ ಇದ್ರೂ ಇಲ್ಲೇ ಹೇಳಿ.” ಫೋನು ತೆಗೆದು ಏನೋ ಒತ್ತಿದರು. ನನ್ನ ಜೇಬಿನಲ್ಲಿ ಫೋನು ಟಿಣ್ ಎಂದಿತು.

ಕೆಲಸ ಉಳಿಯಿತು, ಸುಮ್ಮನಿರಬಹುದಿತ್ತು. ಆದರೂ ತಲೆಯಲ್ಲೊಂದು ಕೊರೆಯುತ್ತಿತ್ತು.

“ಅಕ್ಕ, ಅಷ್ಟೂ ಜನ ಅದನ್ನೇ ಒತ್ತವ್ರೆ. ನನ್ನೊಬ್ಬನ್ನೇ ಯಾಕೆ ತೆಗೆದ್ರಿ?”

“ಅವ್ರನ್ನ ತೆಗುದ್ರೆ ಬಸ್ಸಲ್ಲಿ ನನ್ ಕೂಡೆ ಮಾತಾಡೋರು ಯಾರ್ಲಾ? ನೀನು ಎರಡು ವರ್ಷದಿಂದ ಕಿವಿಗೆ ವೈರ್ ಸಿಗಿಸ್ಕಂಡು ಕುಂತಿದ್ದೀಯ. ಇದ್ರೇನು, ಬುಟ್ರೇನು.”